ಅವರ ಸಂತೆ, ನಮಗೆ ಜಾತ್ರೆ

ಈ ರಜೆಗೆ ನಮ್ಮ ಕಾಲೇಜಿನಿಂದ ಎರಡು ಗುಂಪು ಬ್ಯಾಂಕಾಕಿಗೆ ಹೊರಟಿದೆ. ಟಿಕೆಟ್ಟೂ ಆಗಿದೆ, ನೋಡುವ ಜಾಗಗಳ ಪಟ್ಟಿಯೂ ಆಗಿದೆ. ಪಟ್ಟಿಯಲ್ಲಿ ಮೊದಲು ಇರೋದು ದೇವಸ್ಥಾನವೂ ಅಲ್ಲ, ಸಮುದ್ರವೂ ಅಲ್ಲ, ಚತುಚಾಕ್ ಅನ್ನುವ ಶನಿವಾರ-ಭಾನುವಾರದ ಮಾರುಕಟ್ಟೆ. 15,000ಕ್ಕೂ ಹೆಚ್ಚು ಅಂಗಡಿ, 27 ವಿಭಾಗ, ಮಧ್ಯದಲ್ಲೊಂದು ಗಡಿಯಾರದ ಗೋಪುರ. ಹೊರಟವರು ಕನ್ನಡ ಸಂಘದ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಅಲ್ಲಿ ಹೇಳಿದ ರೇಟಿನ ಅರ್ಧಕ್ಕೆ ಕೇಳಬೇಕಂತೆ, ನಿಜವಾ?"

ಅರ್ಧ ಅನ್ನುವ ಉತ್ತರ ಯಾರು ಬೇಕಾದರೂ ಕೊಡ್ತಾರೆ. ಮುಕ್ಕಾಲು ಯಾಕಲ್ಲ, ಕಾಲು ಯಾಕಲ್ಲ ಅಂತ ಕೇಳಿ ನೋಡಿ, ಸುಮ್ಮನಾಗ್ತಾರೆ. ಬೆಲೆ ಬರೆದಿಡದ ಮಾರುಕಟ್ಟೆಯಲ್ಲಿ ಬೆಲೆ ಹುಟ್ಟುವುದಕ್ಕೂ ಒಂದು ಕ್ರಮ ಇದೆ, ಸ್ವಲ್ಪ ಮಟ್ಟಿಗೆ ಲೆಕ್ಕವೂ ಇದೆ. ಅದನ್ನು ಕಲಿಯೋಕೆ ಬ್ಯಾಂಕಾಕಿನ ತನಕ ಹೋಗಬೇಕಾಗಿಲ್ಲ. ನಮ್ಮಲ್ಲಿ ಇಬ್ಬರ ಮನೆ ಸಿದ್ದಾಪುರ ತಾಲೂಕಿನ ತ್ಯಾಗಲಿ ಕಡೆ, ಒಬ್ಬರದು ಯಲ್ಲಾಪುರ. ಆ ಸೀಮೆಯಲ್ಲಿ ಮೂರು ಥರದ ವ್ಯಾಪಾರ ಅಕ್ಕಪಕ್ಕದಲ್ಲೇ ನಡೆಯುತ್ತದೆ: ವಾರದ ಸಂತೆ, ಶಿರಸಿಯ ಮಾರಿಕಾಂಬಾ ಜಾತ್ರೆ, ಅಡಿಕೆ ಟೆಂಡರ್. ಹೊರದೇಶದ ದೊಡ್ಡ ಬಯಲು ಮಾರುಕಟ್ಟೆಗಳಲ್ಲೂ ಬಹುಮಟ್ಟಿಗೆ ಈ ಮೂರರಲ್ಲಿ ಒಂದರ ಚಹರೆ ಕಾಣತ್ತೆ. ಯಾವುದರ ಚಹರೆ ಅಂತ ಗುರುತು ಹಿಡಿಯೋದೇ ಈ ಪಾಠ.

ಮಂಗಳವಾರದ ಲೆಕ್ಕ, ಜಾತ್ರೆಯ ಲೆಕ್ಕ

ರವಿವಾರ ಯಲ್ಲಾಪುರ, ಮಂಗಳವಾರ ಶಿರಸಿ, ಬುಧವಾರ ಸಿದ್ದಾಪುರ. ಸಂತೆಯ ದಿನ ಊರೂರಿಗೆ ಬೇರೆ ಇರುವುದರಿಂದ ಒಬ್ಬನೇ ವ್ಯಾಪಾರಿ ವಾರದಲ್ಲಿ ನಾಲ್ಕು ಊರು ಸುತ್ತಬಹುದು. ಒಂದೇ ಊರಿನ ಗಿರಾಕಿಯನ್ನು ನಂಬಿದರೆ ಬಳೆ, ಪಾತ್ರೆ, ಬಟ್ಟೆಯ ವ್ಯಾಪಾರ ನಡೆಯೋದಿಲ್ಲ. (ಟ್ರಾವೆಲಿಂಗ್ ಸೇಲ್ಸ್‌ಮನ್ ಪ್ರಾಬ್ಲಮ್ ಓದುವಾಗ ನಮಗೆ ನೆನಪಾಗೋದು ಇವರ ಟೆಂಪೋ.)

ಮಂಗಳವಾರದ ಸಂತೆಯಲ್ಲಿ ಮಾರುವವರೂ ಕೊಳ್ಳುವವರೂ ಮುಂದಿನ ಮಂಗಳವಾರ ಮತ್ತೆ ಎದುರಾಗ್ತಾರೆ. "ಹೆಗಡೇರೇ, ನಿಮಗೆ ಅಂತ ಹೇಳಿ ಐದು ರೂಪಾಯಿ ಕಮ್ಮಿ" ಅನ್ನುವ ಮಾತಿನ ಹಿಂದೆ ಇರೋದು ಬರೀ ಪ್ರೀತಿ ಅಲ್ಲ. ಹುಳುಕು ಬದನೆಕಾಯಿ ಚೀಲಕ್ಕೆ ಹಾಕಿ ಇವತ್ತು ಇಪ್ಪತ್ತು ರೂಪಾಯಿ ಉಳಿಸಬಹುದು. ಆದರೆ ಹೆಗಡೇರು ಮುಂದಿನ ಐವತ್ತು ಮಂಗಳವಾರ ಪಕ್ಕದವರ ಹತ್ತಿರ ಕೂತು ಆರಿಸ್ತಾರೆ. ಗೇಮ್ ಥಿಯರಿಯಲ್ಲಿ ಇದಕ್ಕೆ ಪುನರಾವರ್ತಿತ ಆಟ ಅಂತಾರೆ. ಆಟ ಮುಂದುವರಿಯುತ್ತೆ ಅಂತ ಇಬ್ಬರಿಗೂ ಗೊತ್ತಿದ್ದರೆ, ಸ್ವಾರ್ಥಿಗೂ ಮರ್ಯಾದೆಯಿಂದ ನಡೆದುಕೊಳ್ಳೋದೇ ಲಾಭ.

ಜಾತ್ರೆಯ ಲೆಕ್ಕ ಬೇರೆ. ಮಾರಿಕಾಂಬಾ ಜಾತ್ರೆ ಬರೋದು ಎರಡು ವರ್ಷಕ್ಕೊಮ್ಮೆ. ಆಟಿಕೆ, ಬೆಂಡು-ಬತ್ತಾಸು, ಬ್ಯಾಗು, ಚಪ್ಪಲಿ ಮಾರುವವರು ಎಲ್ಲೆಲ್ಲಿಂದಲೋ ಬಂದಿರ್ತಾರೆ. ಜಾಗದ ಬಾಡಿಗೆ ಕೆಲವೇ ದಿನದಲ್ಲಿ ಹುಟ್ಟಬೇಕು. ನೀವು ಅವರಿಗೆ ಮತ್ತೆ ಸಿಗೋದಿಲ್ಲ, ಅವರು ನಿಮಗೆ ಸಿಗೋದಿಲ್ಲ. ಹಾಗಾಗಿ ಮೊದಲು ಹೇಳುವ ರೇಟು ಎತ್ತರದಲ್ಲಿರತ್ತೆ, ಕೇಳುವ ರೇಟು ಪಾತಾಳದಲ್ಲಿರತ್ತೆ, ನಡುವೆ ಎಲ್ಲೋ ಮುಗಿಯತ್ತೆ. ಇದನ್ನು ಮೋಸ ಅಂತ ನಾವು ಕರೆಯೋದಿಲ್ಲ. ಅದು ಒಂದೇ ಸಲದ ಆಟ, ಅದರ ನಿಯಮ ಹಾಗೆ.

ಪರದೇಶಕ್ಕೆ ಹೋದಾಗ ಆಗೋದು ಇದೇ. ಪ್ರತಿ ಶನಿವಾರ ಚತುಚಾಕಿಗೆ ಬರುವ ಬ್ಯಾಂಕಾಕಿನವರಿಗೆ ಅದು ಸಂತೆ. ನಾಲ್ಕು ದಿನಕ್ಕೆ ಹೋದ ನಮಗೆ ಅದೇ ಅಂಗಡಿ, ಅದೇ ಬೆಂಚು, ಅದೇ ಮಾರುವವರು, ಆದರೆ ಜಾತ್ರೆ. ಅದಕ್ಕೇ ಅಂಗಡಿಗೆ ಹೋದ ತಕ್ಷಣ ರೇಟು ಕೇಳಬೇಡಿ. ಮೊದಲು ಯಾರು ಕೊಳ್ತಾ ಇದ್ದಾರೆ ನೋಡಿ. ಊರಿನವರೇ ಸಾಲುಗಟ್ಟಿ ಕೊಳ್ಳುವ ಊಟದ ತಟ್ಟೆಗೆ, ತರಕಾರಿಗೆ, ಪಾತ್ರೆಗೆ ಸಂತೆಯ ರೇಟು ಇರತ್ತೆ, ಇಳಿಸೋಕೆ ಜಾಗ ಕಮ್ಮಿ. ಪ್ರವಾಸಿಗಳೇ ತುಂಬಿರುವ ಆನೆಚಿತ್ರದ ಪೈಜಾಮದ ಅಂಗಡಿಯಲ್ಲಿ ಜಾತ್ರೆಯ ರೇಟು. ‘ಅರ್ಧಕ್ಕೆ ಕೇಳು’ ಅನ್ನುವ ಸೂತ್ರಕ್ಕೆ ಏನಾದರೂ ಅರ್ಥ ಇದ್ದರೆ ಅದು ಈ ಎರಡನೇ ಕಡೆ ಮಾತ್ರ.

ರಾಶಿಯ ಮುಂದೆ

ಮೂರನೆಯದು ಟೆಂಡರ್. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳ್ತೇವೆ. ನಮ್ಮಲ್ಲಿ ಇಬ್ಬರ ಕಾಲೇಜು ಫೀಸು ಬರೋದು ಅಲ್ಲಿಂದಲೇ.

ತ್ಯಾಗಲಿಯಂಥ ಊರಿನ ತೋಟದವರ ಇಡೀ ವರ್ಷದ ಕೆಲಸ, ಅಂದರೆ ಮಳೆಗಾಲದ ಮದ್ದು ಹೊಡೆಯೋದು, ಕೊನೆಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು, ಎಲ್ಲ ಕೊನೆಗೆ ಕೆಲವು ಚೀಲಗಳಾಗಿ ಶಿರಸಿಗೋ ಸಿದ್ದಾಪುರಕ್ಕೋ ಹೋಗತ್ತೆ. ಮಹಸೂಲು ಅಂತ ಕರೆಯೋದು ಅದನ್ನೇ. ಬೇಯಿಸಿ ಒಣಗಿಸಿದ ಕೆಂಪಡಿಕೆಯಲ್ಲಿ ರಾಶಿ, ಬೆಟ್ಟೆ, ತಟ್ಟಿಬೆಟ್ಟೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿ ಸುಲಿದರೆ ಚಾಲಿ. ಜೊತೆಗೆ ಬಿಳೆಗೋಟು, ಕೆಂಪುಗೋಟು. ಒಂದೊಂದಕ್ಕೂ ಬೇರೆ ಧಾರಣೆ. ಅಂಗಳದಲ್ಲಿ ಚೀಲ ಬಿಚ್ಚಿ ಸುರಿದು, ಒಬ್ಬೊಬ್ಬರ ಮಾಲಿಗೂ ಲಾಟ್ ನಂಬರ್ ಕೊಡ್ತಾರೆ. ವ್ಯಾಪಾರಿಗಳು ರಾಶಿಯಿಂದ ರಾಶಿಗೆ ನಡೆದು, ಮುಷ್ಟಿಯಲ್ಲಿ ಎತ್ತಿ, ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿ, ತಮ್ಮ ರೇಟನ್ನು ಗುಟ್ಟಾಗಿ ಬರೆದು ಕೊಡ್ತಾರೆ. ಈಗೀಗ ಕಂಪ್ಯೂಟರಿನಲ್ಲಿ ಹಾಕ್ತಾರೆ. ಎಲ್ಲ ಬಂದ ಮೇಲೆ ತೆರೆದು, ಪ್ರತಿ ಲಾಟಿಗೂ ಹೆಚ್ಚು ಬರೆದವರ ಹೆಸರು ಹೇಳ್ತಾರೆ. ಅದಕ್ಕೆ ಬೆಳೆಗಾರ ‘ಅಡ್ಡಿಲ್ಲೆ’ ಅಂದರೆ ಮಾರಾಟ. ‘ಬ್ಯಾಡ’ ಅಂದರೆ ಮಾಲು ಗೋದಾಮಿಗೆ ವಾಪಸ್, ಮುಂದಿನ ಟೆಂಡರಿಗೆ ಮತ್ತೆ ಅಂಗಳಕ್ಕೆ.

ಪುಸ್ತಕದಲ್ಲಿ ಇದಕ್ಕೆ ಮುಚ್ಚಿದ ಹರಾಜು ಅಂತ ಹೆಸರು. ಇದರ ಗಣಿತವನ್ನು 1961ರಲ್ಲಿ ವಿಲಿಯಂ ವಿಕ್ರಿ ಬಿಡಿಸಿ ತೋರಿಸಿದರು. 1996ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಲೆಕ್ಕ ಕಷ್ಟದ್ದಲ್ಲ, ನಾವೇ ಮಾಡಬಹುದು. ಅಂಕಿ ಇವತ್ತಿನ ಧಾರಣೆ ಅಲ್ಲ, ಲೆಕ್ಕಕ್ಕೆ ಹಿಡಿದದ್ದು.

ಒಂದು ಕ್ವಿಂಟಲ್ ರಾಶಿ ತನಗೆ ಎಷ್ಟಕ್ಕೆ ಗಿಟ್ಟತ್ತೆ ಅನ್ನುವ ಒಳಲೆಕ್ಕ ಪ್ರತಿ ವ್ಯಾಪಾರಿಗೂ ಇರತ್ತೆ. ಅದು 40,000 ಮತ್ತು 50,000 ರೂಪಾಯಿಯ ನಡುವೆ ಎಲ್ಲಾದರೂ ಇರಬಹುದು, ಎಲ್ಲ ಅಂಕಿಗೂ ಸಮಾನ ಸಾಧ್ಯತೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ ಅಂತ ಇಟ್ಟುಕೊಳ್ಳಿ. 48,000ದ ಒಳಲೆಕ್ಕ ಇರುವವನು ಅಷ್ಟನ್ನೇ ಬರೆದರೆ ಲಾಭ ಸೊನ್ನೆ. ಕಮ್ಮಿ ಬರೆದರೆ ಲಾಭ ಇದೆ, ಆದರೆ ಮಾಲು ತಪ್ಪುವ ಭಯವೂ ಇದೆ. ಎಷ್ಟು ಕಮ್ಮಿ ಬರೀಬೇಕು? ಎದುರಾಳಿಗಳು ಎಷ್ಟು ಜನ ಅನ್ನೋದರ ಮೇಲೆ ಹೋಗತ್ತೆ. ಒಟ್ಟು n ವ್ಯಾಪಾರಿಗಳಿದ್ದರೆ, 40,000ದ ಮೇಲಿನ ಭಾಗದಲ್ಲಿ (n−1)/n ಪಾಲನ್ನು ಬರೆಯೋದು ಅವನಿಗೆ ಒಳ್ಳೆಯದು. ಇಬ್ಬರೇ ಇದ್ದರೆ ಅವನು ಬರೆಯೋದು 44,000. ಎಂಟು ಜನ ಇದ್ದರೆ ಅದೇ ಮನುಷ್ಯ, ಅದೇ ಅಡಿಕೆಗೆ, 47,000 ಬರೀತಾನೆ.

ಬೆಳೆಗಾರನ ಕಡೆಯಿಂದ ನೋಡಿದರೆ, ಸರಾಸರಿ ಸಿಗುವ ಬೆಲೆ 40,000 ಕೂಡಿಸು 10,000 ಗುಣಿಸು (n−1)/(n+1). ಇಬ್ಬರು ವ್ಯಾಪಾರಿಗಳಿದ್ದರೆ ಸುಮಾರು 43,333. ನಾಲ್ವರಿದ್ದರೆ 46,000. ಒಂಬತ್ತು ಜನ ಇದ್ದರೆ 48,000. ಅಡಿಕೆ ಬದಲಾಗಲಿಲ್ಲ, ಬೆಳೆಗಾರನ ಮಾತಿನ ಚಾತುರ್ಯವೂ ಬದಲಾಗಲಿಲ್ಲ. ಅಂಗಳದಲ್ಲಿ ಓಡಾಡುವ ತಲೆಗಳು ಮಾತ್ರ ಹೆಚ್ಚಾದವು.

ಒಬ್ಬನೇ ವ್ಯಾಪಾರಿ ಇದ್ದರೆ? ಸೂತ್ರದಲ್ಲಿ n=1 ಹಾಕಿ: 40,000, ಅಂದರೆ ತಳ. ಸಹಕಾರಿ ಸಂಘಗಳು ಬರುವ ಮೊದಲು ಎಷ್ಟೋ ಬೆಳೆಗಾರರ ಸ್ಥಿತಿ ಹಾಗೇ ಇತ್ತು. ಬೆಳೆಯ ಮೇಲೆ ಸಾಹುಕಾರರ ಹತ್ತಿರ ಸಾಲ, ಸಾಲ ಕೊಟ್ಟವರಿಗೇ ಅಡಿಕೆ, ಅವರು ಹೇಳಿದ್ದೇ ರೇಟು. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ, ಈಗ ಎಲ್ಲರೂ ಟಿಎಸ್‌ಎಸ್ ಅನ್ನುವ ಸಂಸ್ಥೆ, ಹುಟ್ಟಿದ್ದನ್ನು ನಾವು ಈ ಸೂತ್ರದ ಕಣ್ಣಲ್ಲಿ ಓದ್ತೇವೆ. ಇಂಥ ಸಂಘ ಎರಡು ಕೆಲಸ ಮಾಡತ್ತೆ: n ಅನ್ನು ಹೆಚ್ಚಿಸತ್ತೆ, ಮತ್ತೆ ಮಾಲಿನ ಮೇಲೆ ಮುಂಗಡ ಕೊಟ್ಟು ‘ಬ್ಯಾಡ’ ಅನ್ನುವ ಶಕ್ತಿ ಕೊಡತ್ತೆ. ನಾಳೆ ಫೀಸು ಕಟ್ಟಲೇಬೇಕು, ಮುಂಗಡ ಸಿಗೋದಿಲ್ಲ ಅಂದರೆ ಯಾರೂ ‘ಬ್ಯಾಡ’ ಅನ್ನೋದಿಲ್ಲ.

ಈ ಎರಡರಲ್ಲಿ ಯಾವುದು ದೊಡ್ಡದು? 1996ರಲ್ಲಿ ಬುಲೋ ಮತ್ತು ಕ್ಲೆಂಪರರ್ ತೋರಿಸಿದ ಫಲಿತಾಂಶ ನಮಗೆ ಆಶ್ಚರ್ಯ ತಂದದ್ದು. ಇಂಥ ಸರಳ ಷರತ್ತುಗಳಲ್ಲಿ, ಇದ್ದ ಖರೀದಿದಾರರ ಜೊತೆ ಎಷ್ಟೇ ಜಾಣತನದಿಂದ ಪಟ್ಟು ಹಿಡಿದರೂ ಸಿಗುವ ಲಾಭಕ್ಕಿಂತ, ಇನ್ನೊಬ್ಬನೇ ಒಬ್ಬ ಖರೀದಿದಾರ ಸೇರಿದರೆ ಸಿಗುವ ಲಾಭ ಹೆಚ್ಚು. ಕರ್ನಾಟಕದಲ್ಲಿ 2014ರಿಂದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ಜೋಡಿಸಿದ್ದರ ಹಿಂದೆಯೂ ಇದೇ ತರ್ಕ ಇದೆ: ಬೇರೆ ಊರಿನ ವ್ಯಾಪಾರಿಯೂ ರೇಟು ಹಾಕಲಿ. ಅದರ ಪರಿಣಾಮ ಅಳೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಭತ್ತಕ್ಕೆ ಶೇ 5.1, ಶೇಂಗಾಕ್ಕೆ ಶೇ 3.6, ಜೋಳ ಅಂದರೆ ಮೆಕ್ಕೆಜೋಳಕ್ಕೆ ಶೇ 3.5ರಷ್ಟು ಬೆಲೆ ಏರಿದ್ದು ಕಂಡಿದೆ. ಐದು ಪರ್ಸೆಂಟ್ ಅಂದರೆ ನಮಗೆ ಸಣ್ಣದು ಅನಿಸಬಹುದು. ಗೊಬ್ಬರ, ಕೂಲಿ ಕಳೆದು ಉಳಿಯೋದೇ ಚೂರು ಅನ್ನುವವರಿಗೆ ಸಣ್ಣದಲ್ಲ.

ವ್ಯಾಪಾರಿಯ ಕಷ್ಟವನ್ನೂ ಒಂದು ಮಾತಿನಲ್ಲಿ ಹೇಳಿಬಿಡೋಣ. ಎಂಟು ಜನ ಒಂದೇ ರಾಶಿಯ ಗುಣಮಟ್ಟ ಅಂದಾಜು ಮಾಡಿದಾಗ ಗೆಲ್ಲೋದು ಅತಿ ಹೆಚ್ಚು ಅಂದಾಜು ಮಾಡಿದವನು, ಅಂದರೆ ಬಹುಶಃ ಜಾಸ್ತಿಯಾಗಿ ಅಂದಾಜು ಮಾಡಿದವನು. ಇದಕ್ಕೆ ‘ಗೆದ್ದವನ ಶಾಪ’ ಅಂತ ಹೆಸರು. 1971ರಲ್ಲಿ ಇದನ್ನು ಬರೆದವರು ಅರ್ಥಶಾಸ್ತ್ರಜ್ಞರಲ್ಲ, ತೈಲ ಕಂಪನಿಯಲ್ಲಿದ್ದ ಮೂವರು. ವಿಷಯ ಸಮುದ್ರದ ಅಡಿಯ ತೈಲಕ್ಕೆ ನಡೆಯುವ ಮುಚ್ಚಿದ ಟೆಂಡರ್. ವ್ಯಾಪಾರಿಗಳು ಅಡಿಕೆ ಕತ್ತರಿಸಿ ಕತ್ತರಿಸಿ ನೋಡೋದು ಸುಮ್ಮನೆ ಅಲ್ಲ.

ಚೀಸಿನ ಅಂಗಳ

ನೆದರ್ಲೆಂಡ್ಸಿಗೆ ಎಂಎಸ್ ಮಾಡೋಕೆ ಹೋಗುವವರು ಆಲ್ಕ್‌ಮಾರ್ ಊರಿನ ಚೀಸ್ ಮಾರುಕಟ್ಟೆಯನ್ನು ನೋಡಿಯೇ ಬರಬೇಕು. ವಸಂತದಿಂದ ಸೆಪ್ಟೆಂಬರ್ ತನಕ ಶುಕ್ರವಾರ ಬೆಳಿಗ್ಗೆ, ತೂಕದ ಮನೆಯ ಎದುರಿನ ಬಯಲಿನಲ್ಲಿ, ಹಳದಿ ಚೀಸಿನ ಗುಂಡಿಗಳನ್ನು ಸಾಲಾಗಿ ಜೋಡಿಸ್ತಾರೆ. ಬಿಳಿ ಬಟ್ಟೆ ತೊಟ್ಟ ಹೊರುವವರು ಇಬ್ಬಿಬ್ಬರಾಗಿ ನೂರು ಕಿಲೋ ಮೀರಿದ ಹೊರೆಯನ್ನು ತೊಟ್ಟಿಲಿನಂಥ ಮರದ ಹಲಗೆಯ ಮೇಲೆ ಇಟ್ಟು, ಭುಜಕ್ಕೆ ಪಟ್ಟಿ ಸಿಕ್ಕಿಸಿ, ಒಂದು ಲಯದಲ್ಲಿ ಓಡ್ತಾರೆ. ಅವರ ಸಂಘ 1593ರದ್ದು.

ನಮ್ಮವರಿಗೆ ಅಲ್ಲಿ ಗುರುತು ಸಿಗೋದು ಪರೀಕ್ಷೆ ಮಾಡುವವನದ್ದು. ಅವನು ಟೊಳ್ಳಾದ ಸಲಾಕೆಯನ್ನು ಚೀಸಿಗೆ ಚುಚ್ಚಿ ಒಳಗಿನದನ್ನು ಹೊರತೆಗೆದು, ಬೆರಳಲ್ಲಿ ತಿಕ್ಕಿ, ಮೂಸಿ, ರುಚಿ ನೋಡ್ತಾನೆ. ಅಡಕತ್ತರಿ ಮಾಡುವ ಕೆಲಸವೇ. ಆಮೇಲೆ ಮಾರುವವನೂ ಕೊಳ್ಳುವವನೂ ರೇಟು ಹೇಳ್ತಾ ಒಬ್ಬರ ಅಂಗೈಗೆ ಒಬ್ಬರು ಹೊಡೀತಾರೆ. ಕೊನೆಯ ಚಪ್ಪಾಳೆಗೆ ವ್ಯಾಪಾರ ಕುದುರಿದಂತೆ. ನಮ್ಮ ದನದ ಪರಿಷೆಗಳಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ರೇಟು ಹೇಳ್ತಿದ್ದರಲ್ಲ, ಅದಕ್ಕೆ ತದ್ವಿರುದ್ಧ. ಅಲ್ಲಿ ರೇಟು ಸುತ್ತಲಿನವರಿಗೆಲ್ಲ ಕೇಳತ್ತೆ, ಇಲ್ಲಿ ಇಬ್ಬರ ಬೆರಳಿಗೆ ಮಾತ್ರ ಗೊತ್ತು. ಟವೆಲ್ಲಿನ ಅಡಿಯ ರೇಟಿನಿಂದ ಲಾಭ ಆಗೋದು ದಲ್ಲಾಳಿಗೆ ಅಂತ ನಮ್ಮ ಅಭಿಪ್ರಾಯ. ಪಕ್ಕದ ಎತ್ತು ಎಷ್ಟಕ್ಕೆ ಹೋಯ್ತು ಅಂತ ಅವನಿಗೆ ಬಿಟ್ಟು ಯಾರಿಗೂ ಗೊತ್ತಿರೋದಿಲ್ಲ. ಅಡಿಕೆ ಧಾರಣೆ ದಿನಾ ಪೇಪರಿನಲ್ಲಿ ಬರುವುದರ ಬೆಲೆ ಇದರಿಂದ ಗೊತ್ತಾಗತ್ತೆ. ಅಂದಹಾಗೆ ಆಲ್ಕ್‌ಮಾರಿನದು ಇವತ್ತು ಬಹುತೇಕ ಪ್ರವಾಸಿಗರಿಗಾಗಿ ನಡೆಯುವ ಪ್ರದರ್ಶನ. ಶಿರಸಿಯದು ಹಾಗಲ್ಲ, ನೋಡೋಕೆ ಟಿಕೆಟ್ಟೂ ಬೇಕಿಲ್ಲ, ಆದರೂ ನಮ್ಮಲ್ಲಿ ಎಷ್ಟು ಜನ ನೋಡಿದ್ದಾರೆ?

ಕೂತು ಮಾತಾಡಬೇಕೋ, ಸುತ್ತಬೇಕೋ

ಕ್ಲಿಫರ್ಡ್ ಗೀರ್ಟ್ಜ್ ಅನ್ನುವ ಮಾನವಶಾಸ್ತ್ರಜ್ಞರು ಮೊರಾಕೊ ದೇಶದ ಸೆಫ್ರೂ ಪಟ್ಟಣದ ಬಜಾರನ್ನು ಅಧ್ಯಯನ ಮಾಡಿ 1978ರಲ್ಲಿ ಒಂದು ಲೇಖನ ಬರೆದರು. ಅವರ ಮುಖ್ಯ ಮಾತು: ಬಜಾರಿನಲ್ಲಿ ಕೊರತೆ ಇರೋದು ಮಾಹಿತಿಗೆ. ಯಾವುದು ಒಳ್ಳೆಯ ಮಾಲು, ನಿಜವಾದ ರೇಟು ಎಷ್ಟು, ಯಾರನ್ನು ನಂಬಬಹುದು ಅಂತ ಹುಡುಕೋದೇ ಅಲ್ಲಿನ ಬದುಕು. ಅದಕ್ಕೇ ಜನ ಒಬ್ಬರಿಗೇ ಖಾಯಂ ಗಿರಾಕಿ ಆಗ್ತಾರೆ. ಮಂಗಳವಾರದ ಹೆಗಡೇರು ಮಾಡೋದೂ ಅದನ್ನೇ.

ಹುಡುಕಾಟದಲ್ಲಿ ಎರಡು ಬಗೆ ಅಂತಾರೆ ಅವರು. ಹತ್ತು ಅಂಗಡಿ ಸುತ್ತಿ ರೇಟು ಕೇಳೋದು ಒಂದು. ಒಂದೇ ಅಂಗಡಿಯಲ್ಲಿ ಕೂತು ಆಳಕ್ಕೆ ಇಳಿಯೋದು ಇನ್ನೊಂದು. ಎಲ್ಲ ಕಡೆ ಒಂದೇ ಥರ ಇರುವ ಮಾಲಿಗೆ ಸುತ್ತಾಟ ಸಾಕು. ಒಂದರಂತೆ ಇನ್ನೊಂದಿಲ್ಲದ ಮಾಲಿಗೆ, ಹಳೆಯ ಕಾರಿನಂಥದ್ದಕ್ಕೆ, ಆಳ ಬೇಕು. ಹಾಗಾಗಿ ಚತುಚಾಕಿನಲ್ಲಿ ಟೀ ಶರ್ಟಿಗೆ ಒಂದೇ ಕಡೆ ಹತ್ತು ನಿಮಿಷ ಗುದ್ದಾಡೋದು ದಂಡ. ಮುಂದಿನ ಸಾಲಿನಲ್ಲಿ ಅದೇ ಶರ್ಟು ನೇತಾಡ್ತಾ ಇರತ್ತೆ. ಬುಲೋ-ಕ್ಲೆಂಪರರ್ ಫಲಿತಾಂಶವನ್ನು ತಿರುಗಿಸಿ ಓದಿ: ಹಠಕ್ಕಿಂತ ಇನ್ನೊಂದು ಅಂಗಡಿ ಮೇಲು. ಕೈಯಲ್ಲಿ ಮಾಡಿದ ಮರದ ಕೆತ್ತನೆಗೆ ಮಾತ್ರ ಕೂತ್ಕೊಳ್ಳಿ, ಮರ ಯಾವುದು, ಮಾಡಿದವರು ಯಾರು ಅಂತ ಕೇಳಿ.

ಎಷ್ಟು ಅಂಗಡಿ ಸುತ್ತಬೇಕು? ಪ್ರಾಬಬಿಲಿಟಿ ಪುಸ್ತಕದ ಉತ್ತರ ಶೇ 37. ನೂರು ಅಂಗಡಿ ಇದ್ದು, ಬಿಟ್ಟು ಹೋದ ಅಂಗಡಿಗೆ ವಾಪಸ್ ಬರೋಕಾಗದಿದ್ದರೆ, ಮೊದಲ 37ನ್ನು ಬರೀ ನೋಡಿ, ಆಮೇಲೆ ಅವೆಲ್ಲಕ್ಕಿಂತ ಒಳ್ಳೆಯದು ಎದುರಾದ ಕೂಡಲೇ ತಗೊಳ್ಳಿ. ಹೀಗೆ ಮಾಡಿದರೂ ಅತ್ಯುತ್ತಮದ್ದು ಸಿಗುವ ಸಾಧ್ಯತೆ ಶೇ 37 ಮಾತ್ರ. ಆದರೆ ಈ ಲೆಕ್ಕ ನಿಂತಿರೋದು ‘ವಾಪಸ್ ಬರೋಕಾಗದು’ ಅನ್ನುವ ಷರತ್ತಿನ ಮೇಲೆ. ಚತುಚಾಕಿನಲ್ಲಿ ಪ್ರತಿ ಅಂಗಡಿಗೂ ವಿಭಾಗ, ಗಲ್ಲಿ, ಅಂಗಡಿ ನಂಬರ್ ಇದೆ. ಇಷ್ಟವಾದ ಕಡೆ ಆ ನಂಬರಿನ ಫೋಟೊ ತೆಗೆದುಕೊಂಡರೆ ಷರತ್ತೇ ಬಿದ್ದುಹೋಗತ್ತೆ, ಲೆಕ್ಕವೂ ಬೇಡ.

ಇನ್ನು ಮೊದಲ ರೇಟು. 1974ರಲ್ಲಿ ಟ್ವರ್ಸ್ಕಿ ಮತ್ತು ಕಾಹ್ನೆಮನ್ ಪ್ರಕಟಿಸಿದ ಪ್ರಯೋಗ ಇದು: ಜನರೆದುರು ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದರು. ಚಕ್ರ 10ಕ್ಕೆ ನಿಂತಾಗ ಬಂದ ಉತ್ತರಗಳ ಮಧ್ಯಾಂಕ 25, 65ಕ್ಕೆ ನಿಂತಾಗ 45. ಚಕ್ರಕ್ಕೂ ಆಫ್ರಿಕಾಕ್ಕೂ ಏನೂ ಸಂಬಂಧ ಇಲ್ಲ, ಆದರೂ ಮೊದಲು ಕಂಡ ಅಂಕಿ ಮನಸ್ಸನ್ನು ಎಳೆಯಿತು. ಕ್ಯಾಲ್ಕುಲೇಟರಿನಲ್ಲಿ ಅಂಗಡಿಯವರು ಒತ್ತಿ ತೋರಿಸುವ ಅಂಕಿ ಮಾಡೋದೂ ಅದನ್ನೇ. ಹಾಗಾಗಿ ‘ಹೇಳಿದ್ದರ ಅರ್ಧ’ ಅನ್ನುವಾಗಲೂ ಲೆಕ್ಕ ಹಾಕ್ತಾ ಇರೋದು ಅವರ ಅಂಕಿಯಿಂದಲೇ. ಕೇಳುವ ಮೊದಲು ‘ಇದಕ್ಕೆ ನಾನು ಇಷ್ಟು ಕೊಡಬಲ್ಲೆ’ ಅಂತ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಿ, ಟೆಂಡರ್ ಬರೆಯುವವರಂತೆ. ಥಾಯ್ ಭಾಷೆಯಲ್ಲಿ "ಲೋತ್ ನೋಯ್ ದಾಯ್ ಮಾಯ್?" ಅಂದರೆ ಸ್ವಲ್ಪ ಕಮ್ಮಿ ಆಗತ್ತಾ ಅಂತ. ನಗುತ್ತಾ ಕೇಳಿ. ಬೆಳಿಗ್ಗೆ ಹೋದರೆ ಬೋಣಿಯ ಅನುಕೂಲವೂ ಇದೆ. ಮೊದಲ ವ್ಯಾಪಾರದ ನೋಟನ್ನು ಅಲ್ಲಿನ ಅಂಗಡಿಯವರು ಉಳಿದ ಸಾಮಾನಿಗೆಲ್ಲ ತಟ್ಟುವುದನ್ನು ನೋಡಬಹುದು. ನಮ್ಮಲ್ಲಿ ಕಣ್ಣಿಗೆ ಒತ್ತಿಕೊಳ್ತಾರೆ, ಅಷ್ಟೇ ವ್ಯತ್ಯಾಸ.

ಎಲ್ಲಿ ನಿಲ್ಲಿಸಬೇಕು ಅನ್ನೋದನ್ನೂ ಟೆಂಡರಿನಿಂದಲೇ ತೆಗೆದುಕೊಳ್ಳಬಹುದು. ನೀವು ಎಷ್ಟು ಸಲ ಬೇಕಾದರೂ ‘ಬೇಡ’ ಅನ್ನಬಹುದು, ಟೀ ಶರ್ಟು ಇಲ್ಲದೆ ವಾಪಸ್ ಬಂದರೆ ಏನೂ ಆಗೋದಿಲ್ಲ. ಸಂಜೆ ಬಾಡಿಗೆ ಕಟ್ಟಬೇಕಾದ ಅಂಗಡಿಯವರು ಅಷ್ಟು ಸಲ ‘ಬೇಡ’ ಅನ್ನೋಕಾಗದು. ಮನಸ್ಸಿನಲ್ಲಿ ಬರೆದಿಟ್ಟ ರೇಟು ಬಂದ ಮೇಲೂ ಕೊನೆಯ ಇಪ್ಪತ್ತು ಬಾತ್‌ಗೆ ಎಳೆದಾಡೋದು, ಮುಂಗಡ ಸಿಗದ ಬೆಳೆಗಾರನ ಎದುರು ಸಾಹುಕಾರರು ಆಡ್ತಿದ್ದ ಆಟವೇ.

ಕಡೆಯದಾಗಿ, ಶಿರಸಿ-ಸಿದ್ದಾಪುರ-ಯಲ್ಲಾಪುರದವರಿಗೆ ಮಾತ್ರ ಒಂದು ಸೂಚನೆ. ಚತುಚಾಕಿನಲ್ಲಿ ಬುಧವಾರ-ಗುರುವಾರ ಗಿಡಗಳ ಮಾರುಕಟ್ಟೆ ಇರತ್ತೆ. ಆರ್ಕಿಡ್, ಬಣ್ಣದೆಲೆ, ಹಣ್ಣಿನ ಸಸಿ, ನೋಡಿದರೆ ಅಮ್ಮಂದಿರ ನೆನಪಾಗದೆ ಇರೋದಿಲ್ಲ. ತರಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದಿಂದ ಗಿಡ, ಬೀಜ ತರೋಕೆ ಆಮದು ಪರವಾನಗಿಯೂ ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ಕೊಳೆರೋಗ, ಎಲೆಚುಕ್ಕಿಯಲ್ಲೇ ಸೋತ ತೋಟಗಳಿಗೆ ಲಗೇಜಿನಲ್ಲಿ ಬಂದ ಇನ್ನೊಂದು ಶಿಲೀಂಧ್ರ ಸೇರುವುದು ಬೇಡ. ಫೋಟೊ ತನ್ನಿ, ಅಂಥದ್ದೇ ಗಿಡ ಮಂಗಳವಾರ ಶಿರಸಿಯ ನರ್ಸರಿಯವರ ಹತ್ತಿರ ಇದೆಯಾ ಅಂತ ಅಮ್ಮನೇ ಹುಡುಕಿಕೊಳ್ತಾರೆ. ಅವರ ಚೌಕಾಸಿಯ ಎದುರು ನಮ್ಮ ಸೂತ್ರ ಯಾವುದೂ ನಡೆಯೋದಿಲ್ಲ.